ಒಂಬತ್ತನೇ ಅಧ್ಯಾಯ ಹೊಡೆಯದ ಟೈಪಿಸ್ಟ್ ಚಾಚಾ

ಅವರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಟೈಪ್‌ರೈಟರಿನ ಮೇಲೆ ಓಡಾಡಿ ಉಳಿದ ಬೆರಳುಗಳಿಗೆಲ್ಲ ಕಾರ್ಬನ್ನಿನ ನೀಲಿ ಹತ್ತಿದ್ದರೂ ಅದೊಂದು ಮಾತ್ರ ಶುಭ್ರವಾಗಿ, ನೆಟ್ಟಗೆ ನಿಂತಿರುತ್ತಿತ್ತು.

ಶಹಾಪುರದ ತಹಸೀಲ್ ಕಚೇರಿ ಎದುರಿನ ಬೇವಿನ ಮರದ ಕೆಳಗೆ ಚಾಚಾ ಕೂಡುತ್ತಿದ್ದರು. ಕೃಷ್ಣೆಯ ಕಾಲುವೆ ಬಂದು ಕೆಲವೇ ವರ್ಷಗಳಾಗಿದ್ದವು. ಕಾಲುವೆಗೆ ಹೊಲ ಹೋದವರು, ಹೊಲಕ್ಕೆ ನೀರು ತಲುಪದವರು, ಎಲ್ಲರೂ ಅರ್ಜಿ ಬರೆಸಲು ಅವರಲ್ಲಿಗೇ ಬರುತ್ತಿದ್ದರು. ಬರೆದದ್ದನ್ನು ಚಾಚಾ ಮೊದಲು ಗಟ್ಟಿಯಾಗಿ ಓದಿ ಹೇಳುವರು. “ಇದು ನಿಮ್ಮ ಮಾತು ಹೌದಿಲ್ಲೋ ನೋಡ್ರಿ. ಆಮ್ಯಾಲ ಟೈಪ್ ಹೊಡಿತೀನಿ.”

ನಾನಾಗ ಅಲ್ಲಿಯ ಶಾಲೆಗೆ ಹೊಸದಾಗಿ ಬಂದ ಟೀಚರು. ಯಾರಿಗೂ ಹೇಳದೆ ಒಂದು ಕಾದಂಬರಿ ಬರೆಯುತ್ತಿದ್ದೆ. ರೆಕ್ಕೆಯುಳ್ಳ ದೇವದೂತರಿಗೂ ರಾಕ್ಷಸರಿಗೂ ಯುದ್ಧ; ಪುಟಪುಟಕ್ಕೂ ಕತ್ತಿ, ಬೆಂಕಿ. ಟೈಪ್ ಮಾಡಿಸಲು ಒಯ್ದಾಗ, ಹೆಣ್ಣುಮಗಳು ಇಂಥದ್ದನ್ನು ಬರೆಯುತ್ತಾಳೆಂದು ಚಾಚಾ ನಗಲಿಲ್ಲ. ಅರ್ಜಿಗಳಷ್ಟೇ ಕಾಳಜಿಯಿಂದ ಓದಿದರು. “ಟೀಚರಮ್ಮ, ಈ ಸೇನಾಪತಿದು ಎಡಗೈ ಮೂರನೇ ಅಧ್ಯಾಯದಾಗ ಹೋಗ್ಯಾದ. ಈಗ ಬಿಲ್ಲು ಹ್ಯಾಂಗ ಎಳದಾನ?”

ಒಂಬತ್ತನೇ ಅಧ್ಯಾಯದಲ್ಲಿ ದೇವದೂತರು ಕೆರೆಯ ಏರಿ ಒಡೆದು ರಾಕ್ಷಸರ ಕೋಟೆಯನ್ನು ಮುಳುಗಿಸುತ್ತಾರೆ. ಅದರ ಮೇಲೆ ನನಗೆ ಬಲು ಹೆಮ್ಮೆ. ಚಾಚಾ ಅರ್ಧ ಪುಟ ಹೊಡೆದು ನಿಲ್ಲಿಸಿದರು. ಹಾಳೆ ಹೊರಗೆಳೆದು ನನ್ನ ಮುಂದಿಟ್ಟರು.

“ಇದು ನನ್ನಿಂದ ಆಗಂಗಿಲ್ರಿ.”

“ಯಾಕ್ರಿ ಚಾಚಾ?”

“ಕಿಲ್ಲಾದ ಒಳಗ ಮುದುಕ್ಯಾರು ಇರಲಿಲ್ಲೇನ್ರಿ?”

“ಅವರು ರಾಕ್ಷಸರು!”

“ರಾಕ್ಷಸರಿಗೆ ತಾಯಿ ಇರಂಗಿಲ್ಲೇನು? ನಿಮ್ಮ ಫರಿಷ್ತೇಗೋಳು, ಆ ದೇವದೂತರು, ಯಾರನ್ನೂ ಕೇಳಲಾರದ ನೀರು ಬಿಟ್ಟಾರ.”

ಸಿಟ್ಟಿನಿಂದ ಕಾಗದ ಬಾಚಿಕೊಂಡು ಎದ್ದೆ. ಯಾದಗಿರಿಯಲ್ಲಿ ಇನ್ನೊಬ್ಬ ಟೈಪಿಸ್ಟ್ ಎರಡೇ ದಿನದಲ್ಲಿ ಹೊಡೆದುಕೊಟ್ಟ. ಒಂದೂ ತಪ್ಪಿರಲಿಲ್ಲ. ಹೇಗಿದೆ ಎಂದು ಕೇಳಿದೆ. “ನಾ ಓದಂಗಿಲ್ರಿ, ಬರೇ ಹೊಡಿತೀನಿ” ಎಂದ. ಬಸ್ಸಿನಲ್ಲಿ ಕೂತು ಓದತೊಡಗಿದೆ. ಕೋಟೆಯೊಳಗೆ ನೀರು ನುಗ್ಗುವ ಪುಟ ಬಂತು. ಮುಂದಿನ ಪುಟ ತಿರುವಲು ಕೈ ಬರಲಿಲ್ಲ.

ಮರುದಿನ ಮರದ ಕೆಳಗೆ ಹೋದೆ. ಚಾಚಾ ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ತಾವೇ ಹೇಳಿದರು.

“ಕಾಲುವಿ ಬಂದ ಮೊದಲನೇ ವರ್ಷ ಒಡ್ಡು ಒಡದು ನಮ್ಮ ಆಪಾ, ಅಂದ್ರ ಅಕ್ಕನ ಹಳ್ಳಿಗೆ ನೀರು ನುಗ್ತು. ಅಕ್ಕ ನಡೀಲಿಕ್ಕೆ ಆಗದಾಕಿ. ಸತ್ತವರ ಪಟ್ಟಿ ಹೊಡಿಲಿಕ್ಕೆ ನನಗೇ ಕೊಟ್ರು. ಮೂರನೇ ಹೆಸರು ಆಕಿದು.” ಆಮೇಲೆ ಮೆಲ್ಲಗೆ ಅಂದರು, “ತಪ್ಪಿಲ್ಲದ ಹೊಡದೀನ್ರಿ.”

ಆ ಅಧ್ಯಾಯವನ್ನು ಹರಿದು ಹೊಸದಾಗಿ ಬರೆದೆ. ಏರಿ ಒಡೆದಾಗ ಒಬ್ಬ ದೇವದೂತನಿಗೆ ಕೋಟೆಯೊಳಗಿಂದ ಮುದುಕಿಯೊಬ್ಬಳ ಕೂಗು ಕೇಳುತ್ತದೆ. ಕತ್ತಿ ಬಿಸಾಡಿ ನೀರಿಗಿಳಿಯುತ್ತಾನೆ. ಆಕೆಯನ್ನು ಬೆನ್ನ ಮೇಲೆ ಹೊತ್ತು ಬರುವಾಗ ಅವನದೇ ಸೈನ್ಯ ಅವನ ಮೇಲೆ ಬಾಣ ಬಿಡುತ್ತದೆ. ಚಾಚಾ ಎಲ್ಲವನ್ನೂ ಹೊಡೆದು ಮುಗಿಸಿ ತಲೆಯೆತ್ತಿದರು.

“ಮುಂದ?”

“ಇನ್ನೂ ಬರೆದಿಲ್ರಿ.”

“ಲಗೂನ ಬರೀರಿ.”

ನಾನು ಲಗೂನ ಬರೆಯಲಿಲ್ಲ. ಪರೀಕ್ಷೆಗಳು ಬಂದವು. ಅಷ್ಟರಲ್ಲಿ ಚಾಚಾ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ.

ಅವರ ಮನೆಗೆ ಹೋದಾಗ ಹೆಂಡತಿ ನನ್ನ ಕೈ ಹಿಡಿದುಕೊಂಡರು. “ಕತಿ ಬರಿಯೋ ಟೀಚರಮ್ಮ ನೀವೇನ್ರಿ? ದವಾಖಾನಿಯೊಳಗೂ ಅದೇ ಮಾತು ಅವರದು. ಆ ಮುದುಕಿ ನೀರು ದಾಟಿ ದಂಡಿಗೆ ಹತ್ತಿದಳೋ ಇಲ್ಲೋ ಅಂತ.”

ಅಲ್ಲಿಯವರೆಗೆ ನಾನು ಏನನ್ನೂ ನಿರ್ಧರಿಸಿರಲಿಲ್ಲ. ಯುದ್ಧದ ಕತೆಗೆ ಅವಳ ಸಾವೇ ಒಪ್ಪುತ್ತದೆಂದು ಒಳಗೊಳಗೇ ಅನ್ನಿಸಿತ್ತು ಕೂಡ.

“ಹತ್ತ್ಯಾಳ್ರಿ ಚಾಚಿ,” ಎಂದೆ.

ಆಕೆ ತಲೆಯಾಡಿಸಿ, ಚಾಪೆಯ ಮೇಲೆ ಕೂತಿದ್ದ ಹೆಂಗಸರಿಗೆ ಅದನ್ನು ತಮ್ಮ ಉರ್ದುವಿನಲ್ಲಿ ತಿಳಿಸಿದರು. ಮನೆಗೆ ಬಂದವಳೇ ಕೂತು ನಾನು ಹಾಗೆಯೇ ಬರೆದೆ.