ತಾನಾಗಿಯೇ ಆಗುವ ಕೆಲಸ

ಕಾಪುವಿನ ಒಂದು ಮುದ್ರಣಾಲಯದ ಲಿನಕ್ಸ್ ಕಂಪ್ಯೂಟರಿನಲ್ಲಿ, ದಿನದ ಕೆಲಸವೆಲ್ಲ ರಾತ್ರಿ ತಾನಾಗಿಯೇ ಇನ್ನೊಂದು ಡಿಸ್ಕಿಗೆ ನಕಲಾಗುವಂತೆ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಮಳೆಗಾಲದಲ್ಲಿ ಮೊದಲ ಡಿಸ್ಕ್ ಕೆಟ್ಟಿತು. ಎರಡನೆಯದನ್ನು ತೆರೆದು ನೋಡಿದರೆ ಖಾಲಿ. ಅಲ್ಲಿ ಟೈಪಿಸ್ಟ್ ಆಗಿದ್ದ ಲವೀನಾ ತಿಂಗಳುಗಟ್ಟಲೆ ಕೂತು ಟೈಪ್ ಮಾಡಿದ್ದ ಒಂದು ಇಡೀ ಪುಸ್ತಕ ಹೋಗಿತ್ತು.

“ರಾತ್ರಿ ಕಂಪ್ಯೂಟರ್ ಆನ್ ಇರುತ್ತದೆ ಅಲ್ವಾ?” ಎಂದು ಮಾಲೀಕರನ್ನು ಕೇಳಿದೆ.

“ಎಂತ ಮಾರಾಯ್ರೆ, ಸಿಡಿಲು ಬಡಿದರೆ? ಬಾಗಿಲು ಹಾಕುವಾಗ ಮೈನ್ ಸ್ವಿಚ್ಚೇ ಆಫ್ ಮಾಡುವುದು.”

“ಆಫ್ ಮಾಡಬೇಡಿ ಎಂದು ಹೇಳಿದ್ದೆನಲ್ಲ!”

“ತಾನಾಗಿಯೇ ಆಗುತ್ತದೆ ಎಂದು ಹೇಳಿದ್ದೂ ನೀವೇ ಅಲ್ವಾ?”

ಅವರು ಆರಾಮವಾಗಿ ಲವೀನಾಳತ್ತ ತಿರುಗಿದರು. “ಅಳುವುದೆಂತಕ್ಕೆ? ಇನ್ನೊಮ್ಮೆ ಟೈಪ್ ಮಾಡಿದರಾಯಿತು.”

ಅವರ ಲೆಕ್ಕದಲ್ಲಿ ಅದೂ ತಾನಾಗಿಯೇ ಆಗುವ ಕೆಲಸ.