ಎರಡು ದೇಶ, ಒಂದು ಟೆಂಡರು

ಜಗತ್ತನ್ನು ಅಡುಗೆಮನೆಯಲ್ಲಿ ತೂಗುಹಾಕಿಕೊಂಡವರು ರಾಣೇಬೆನ್ನೂರಿನಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರು ಇರಲಿಕ್ಕಿಲ್ಲ. ಶಾಲೆಯಿಂದ ನಿವೃತ್ತಳಾದ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ತಾವಾಗಿಯೇ ಬಂದವು. ನಾನಾಗಿ ಬೇಡಿ ತಂದದ್ದು ಮೂವತ್ತು ವರ್ಷ ನನ್ನ ಬೆತ್ತದ ತುದಿಯಿಂದ ತಿವಿಸಿಕೊಂಡ ಆ ಹಳೆಯ ಭೂಪಟವೊಂದನ್ನೇ. ಪಡಸಾಲೆಯ ಗೋಡೆಗಳನ್ನು ದೇವರುಗಳೂ ಮದುವೆಯ ಫೋಟೋಗಳೂ ಮೊದಲೇ ಹಂಚಿಕೊಂಡಿದ್ದರಿಂದ ಭೂಮಂಡಲಕ್ಕೆ ಒಲೆಯ ಪಕ್ಕದಲ್ಲಿ ಜಾಗ ಸಿಕ್ಕಿತು. ಈಗ ಒಗ್ಗರಣೆಯ ಹನಿಗಳು ಪೆಸಿಫಿಕ್ ಸಾಗರದಲ್ಲಿ ಹೊಸ ಹೊಸ ದ್ವೀಪಗಳನ್ನು ಹುಟ್ಟಿಸಿವೆ, ಆಫ್ರಿಕದ ಅಂಚಿಗೆ ಅರಿಸಿನ ಹತ್ತಿದೆ. ನೀವು ನಗಬಹುದು, ಅಡ್ಡಿಯಿಲ್ಲ. ಸಾವಿರಾರು ಮಕ್ಕಳನ್ನು ಕೂತಲ್ಲೇ ದೇಶ ಸುತ್ತಿಸಿದ ಈ ಭೂಗೋಳದ ಟೀಚರು ಸ್ವಂತ ಕಣ್ಣಿನಿಂದ ಕಂಡ ಅತಿ ದೂರದ ಸೀಮೆ ಪಂಢರಪುರ.

ಈ ವರ್ಷ ಮಾತ್ರ ನನ್ನ ಹೆಸರಿಗೂ ಒಂದು ಪಾಸ್‌ಪೋರ್ಟ್ ಬಂತು. ಜೊತೆಗೆ ನನ್ನ ಗೆಳತಿ ಹಸೀನಾಳದೂ ಬಂತು. ಹಸೀನಾ ನಮ್ಮ ಓಣಿಯಲ್ಲೇ ನಲವತ್ತು ವರ್ಷದಿಂದ ಬ್ಲೌಸು ಹೊಲಿಯುತ್ತಿರುವವಳು. ನನ್ನ ಅಳತೆ ನನಗಿಂತ ಚೆನ್ನಾಗಿ ಬಲ್ಲವಳು, ಅದು ವರ್ಷವರ್ಷಕ್ಕೆ ಹಿಗ್ಗಿದ್ದನ್ನು ಯಾರಿಗೂ ಹೇಳದವಳು. ಇಬ್ಬರೂ ಕೂಡಿ ಒಂದು ದೇಶ ನೋಡಿಬರಬೇಕು ಎಂಬುದು ನಮ್ಮ ಬಹಳ ದಿನದ ಹಂಬಲ. ಒಂದೇ ದೇಶ ಯಾಕೆಂದರೆ, ನನ್ನ ಮೊಣಕಾಲಾಗಲಿ ಅವಳ ಕಣ್ಣಾಗಲಿ ಎರಡನೆಯ ಪ್ರವಾಸದ ಭರವಸೆ ಕೊಡುತ್ತಿಲ್ಲ. ಹಾವೇರಿಯ ಟೂರಿನವನು ತುರ್ಕಿ, ಜಪಾನ್ ಎರಡರ ಚಿತ್ರಪುಸ್ತಕಗಳನ್ನೂ ಕೈಗಿತ್ತು, ಹದಿನೈದು ದಿನದಲ್ಲಿ ಒಂದನ್ನು ಆರಿಸಿ ಹೇಳಿರೆಂದ.

ನಾನು ತುರ್ಕಿ ಎಂದೆ, ಹಸೀನಾ ಜಪಾನ್ ಎಂದಳು. ಅಷ್ಟಕ್ಕೇ ಓಣಿಗೆ ಓಣಿಯೇ ನಮ್ಮನ್ನು ತಿದ್ದಲು ಎದ್ದು ನಿಂತಿತು. "ಅದಲು ಬದಲು ಆಗೇತೇನ್ರಿ ಅಕ್ಕೋರ?" ಎಂದು ಹಾಲಿನವನು ಕೇಳಿದ. ದೇಶಗಳನ್ನೂ ಓಣಿಯ ಮನೆಗಳಂತೆ ಇವು ನಿಮ್ಮವು, ಇವು ಅವರವು ಎಂದು ಪಾಲು ಮಾಡಿಟ್ಟವರ ಮೇಲೆ ನನಗೆ ಖರೇ ಸಿಟ್ಟು ಬಂತು. ಹಸೀನಾ ಸಿಟ್ಟಾಗಲಿಲ್ಲ. "ಜಪಾನ್‌ದಾಗ ನಮ್ಮವ್ರು ಯಾರದಾರ?" ಎಂದು ಅವಳ ನಾದಿನಿ ಕೇಳಿದ್ದಕ್ಕೆ, "ಯಾರೂ ಇಲ್ಲ ಅಂತನ ಹೊಂಟೇನಿ" ಎಂದಳಂತೆ.

ಇನ್ನು ನಮ್ಮಿಬ್ಬರ ವಾದ. ತುರ್ಕಿಯ ಇಸ್ತಾಂಬುಲ್ ಎಂಬ ಊರು ಎರಡು ಖಂಡಗಳ ಮೇಲೆ ಒಂದೊಂದು ಕಾಲಿಟ್ಟು ಕೂತಿದೆ. ಬೆಳಿಗ್ಗೆ ಏಷ್ಯಾದಲ್ಲಿ ಚಹಾ ಕುಡಿದು ಮಧ್ಯಾಹ್ನ ಯುರೋಪಿನಲ್ಲಿ ಊಟಕ್ಕೆ ಕೂಡಬಹುದು ಎಂದು ವರ್ಷವರ್ಷವೂ ಏಳನೆಯ ತರಗತಿಗೆ ಹೇಳುತ್ತ ಬಂದ ನನಗೆ, ಆ ಚಹಾ ಕುಡಿಯದೆ ಸಾಯುವುದು ಅಪ್ರಾಮಾಣಿಕತೆ ಎನ್ನಿಸುತ್ತಿತ್ತು. ಅಲ್ಲಿ ಅಂಗಡಿಕಾರ ಮಾತಾಡಿಸುತ್ತಾನೆ, ಚೌಕಾಸಿ ಮಾಡದಿದ್ದರೆ ಮುನಿಸಿಕೊಳ್ಳುತ್ತಾನೆ, ಚಹಾದಂಗಡಿಯಲ್ಲಿ ಕೂತವರು ಸರಕಾರವನ್ನು ದಿನಕ್ಕೆ ನಾಲ್ಕು ಸಲ ಬೀಳಿಸುತ್ತಾರಂತೆ, ಬೆಕ್ಕುಗಳು ಕೂಡ ಎದುರು ಕುರ್ಚಿಯಲ್ಲಿ ಕೂತು ಕೇಳುತ್ತವಂತೆ. ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಒಂದು ಸಮುದ್ರ ಸೇರಿಸಿದರೆ ತುರ್ಕಿಯಾಯಿತಲ್ಲ!

ಹಸೀನಾಳ ಜಪಾನ್ ಬೇರೆಯೇ ಧಾತುವಿನದು. ಅಲ್ಲಿ ರೈಲು ನಿಮಿಷ ತಪ್ಪುವುದಿಲ್ಲ, ಸಾಲು ಮುರಿಯುವುದಿಲ್ಲ. ತಪ್ಪು ಮಾಡಿದ ಮಂತ್ರಿ ಜನರೆದುರು ನಡು ಬಗ್ಗಿಸಿ ಕ್ಷಮೆ ಕೇಳುತ್ತಾನೆ. "ನಮ್ಮವ್ರೂ ಬಗ್ಗತಾರ, ವೋಟಿನ ಮುಂದ" ಎಂದು ನಾನು ಕೊಂಕು ತೆಗೆದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ, ಅಲ್ಲಿ ರೈಲಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲವೆಂಬ ಸಂಗತಿಗೆ ಬಂದಳು. "ನಲವತ್ತ ವರ್ಷ ಆತು, ಒಂದ್ ಕಿವ್ಯಾಗ ಮಷೀನು, ಇನ್ನೊಂದ್ ಕಿವ್ಯಾಗ ಗಿರಾಕಿ. ಎಂಟ್ ದಿನ ಯಾರೂ ಒದರದಿರೋ ಊರಾಗ ಕುಂತು ಬರಬೇಕಂತ ಐತಿ ನೋಡ" ಎಂದಳು. ಇಂಥ ಮಾತಿಗೆ ಮನುಷ್ಯಳಾದವಳು ಸುಮ್ಮನಾಗಬೇಕು. ನಾನೋ, ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇಸ್ತಾಂಬುಲಿನ ಜಲಸಂಧಿಯ ಅಗಲ ಹೇಳಲು ಶುರು ಮಾಡಿದ್ದೆ.

ಹದಿನಾಲ್ಕನೆಯ ದಿನ, ವಾದ ಮುಗಿಯದೆ, ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ ಇಟ್ಟಿರುವ ನನ್ನ ತಮ್ಮ ಶಿವಪ್ಪನ ಹತ್ತಿರ ಹೋದೆವು. ಕೆಂಪು ರಾಶಿಗಳ ನಡುವೆ ಸೀನುತ್ತ, ಕಣ್ಣೊರೆಸುತ್ತ, ಯಾವ ದೇಶ ಚಲೋ ಎಂದು ಕೇಳಿದೆವು. "ಬಣ್ಣ ಬೇಕಾದವ್ರು ಬ್ಯಾಡಗಿ ಕಾಯಿ ಒಯ್ತಾರ, ಖಾರ ಬೇಕಾದವ್ರು ಗುಂಟೂರು ಒಯ್ತಾರ. ಯಾವುದು ಚಲೋ ಅಂತ ಜಗಳ ಹಚ್ಚಿದ್ರ ನಾವು ಅಂಗಡಿ ಮುಚ್ಚಬೇಕಾಗ್ತತಿ, ಅಕ್ಕಾ" ಎಂದ. ಆಮೇಲೆ ಅವನೇ ಒಂದು ದಾರಿ ತೋರಿಸಿದ. ಮಾರ್ಕೆಟ್ಟಿನ ಟೆಂಡರಿನಲ್ಲಿ ಒಬ್ಬ ಖರೀದಿದಾರ ಬರೆದ ಧಾರಣೆ ಇನ್ನೊಬ್ಬನಿಗೆ ಕಾಣಿಸುವುದಿಲ್ಲ. ಈಗ ಅದು ಕಂಪ್ಯೂಟರಿನಲ್ಲಿ ನಡೆಯುತ್ತದೆ, ಹಿಂದೆ ಚೀಟಿಯಲ್ಲಿ ನಡೆಯುತ್ತಿತ್ತು. ನಾವೂ ಹಾಗೆಯೇ ಮರೆಯಲ್ಲಿ ಎರಡೂ ದೇಶಗಳಿಗೆ ನೂರಕ್ಕೆ ಇಷ್ಟೆಂದು ಬರೆದು ಕೊಡಬೇಕು, ಕೂಡಿಸಿದಾಗ ಯಾವುದಕ್ಕೆ ಹೆಚ್ಚು ಬರುತ್ತದೋ ಅದೇ ಗೆದ್ದಂತೆ.

ನಾನು ಚೀಟಿಗೆ ಅಂಗೈ ಅಡ್ಡ ಹಿಡಿದು, ನನ್ನ ವಿದ್ಯಾರ್ಥಿಗಳು ನಕಲು ಮಾಡುವವರಿಂದ ಉತ್ತರ ಬಚ್ಚಿಟ್ಟುಕೊಳ್ಳುತ್ತಿದ್ದ ಹಾಗೆ, ತುರ್ಕಿಗೆ ನೂರು, ಜಪಾನಿಗೆ ಮೂವತ್ತು ಎಂದು ಬರೆದೆ. ಪೂರಾ ನೂರು ಕೊಟ್ಟದ್ದು ನನ್ನ ಜನ್ಮದಲ್ಲೇ ಅದು ಮೊದಲು. ಶಿವಪ್ಪ ಎರಡೂ ಚೀಟಿ ಬಿಚ್ಚಿ ನೋಡಿ, "ತುರ್ಕಿ!" ಎಂದು ಕೂಗಿದ. ನಾನು ಕುಣಿಯುವುದೊಂದು ಬಾಕಿ. ಆಗಲೇ ಹಸೀನಾಳ ಚೀಟಿ ಕಣ್ಣಿಗೆ ಬಿತ್ತು. ತುರ್ಕಿ ತೊಂಬತ್ತು, ಜಪಾನ್ ಹತ್ತು.

"ಹತ್ತು? ಇದೇನಲೇ?" ಎಂದೆ.

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಜಪಾನ್‌ದಾಗ ಎಲ್ಲಾರೂ ಸುಮ್ಮನ ಇರ್ತಾರ. ನಂಗೇನೋ ಆರಾಮ ಆಗ್ತತಿ. ನೀ ಎಂಟ್ ದಿನ ಮಾತಾಡ್ದ ಹೆಂಗ ಇರ್ತೀ? ಜಡ್ಡ ಬೀಳ್ತೀ."

ಗೆಳೆಯರೆ, ನಾಚಿಕೆಯಾಯಿತು. ಎರಡು ದೇಶಗಳ ಸಂಸ್ಕೃತಿ, ಸಂಚಾರ, ರಾಜಕೀಯ ಎಲ್ಲವನ್ನೂ ತಕ್ಕಡಿಗೆ ಹಾಕಿ ತೂಗಿದ್ದೆ; ಜೊತೆಗೆ ಬರುವವಳನ್ನು ತೂಗಿರಲಿಲ್ಲ. ಅವಳು ದೇಶಗಳಿಗೆ ಅಂಕ ಕೊಟ್ಟಿರಲೇ ಇಲ್ಲ, ನನ್ನ ಬಾಯಿಗೆ ಕೊಟ್ಟಿದ್ದಳು. ಇಷ್ಟು ವರ್ಷ ಯಾವ ಸಿನಿಮಾ, ಯಾವ ಬಣ್ಣದ ಸೀರೆ, ಯಾವ ಬಸ್ಸು ಎಂಬುದನ್ನೆಲ್ಲ ನಾನೇ ಗೆದ್ದುಕೊಂಡು ಬಂದದ್ದು ವಾದದ ಬಲದಿಂದ ಎಂದುಕೊಂಡಿದ್ದೆ. ಆಗೆಲ್ಲ ಮನಸ್ಸಿನ ಚೀಟಿಯಲ್ಲೂ ಹೀಗೇ ಬರೆದಿದ್ದಳೋ ಏನೋ.

"ಈ ಟೆಂಡರ್ ಮುರಿಯಾಕ ಬರ್ತತೇನು?" ಎಂದು ತಮ್ಮನನ್ನು ಕೇಳಿದೆ.

"ಯಾಕ ಬರೂದಿಲ್ಲ? ಧಾರಣಿ ಒಪ್ಪಿಗಿ ಆಗ್ಲಿಲ್ಲಂದ್ರ ರೈತ ಒಲ್ಲೆ ಅನ್ನಬಹುದು. ಮಾಲು ಅವಂದ ಐತೆಲ್ಲಾ, ಅಕ್ಕಾ."

"ಹಂಗಾರ ನಾ ಒಲ್ಲೆ" ಎಂದೆ.

"ಮಾಲು ನಿಂದೇನು?" ಎಂದಳು ಹಸೀನಾ.

"ನಿಂದು. ನಲವತ್ತ ವರ್ಷ ಗದ್ಲ ಕೇಳಿದಾಕಿ ನೀನು. ನಿನ್ನ ಬಾಯಿಲೆ ಒಲ್ಲೆ ಅನ್ನೂದು ಎಂದೂ ಬಂದಿಲ್ಲ, ಅದಕ್ಕ ನಿನ್ನ ಪರವಾಗಿ ನಾ ಅನ್ನಾಕತ್ತೇನಿ. ಜಪಾನಿಗೆ ಹೋಗೂಣು. ನಾ ಸುಮ್ಮನ ಇರ್ತೇನಿ."

"ಖರೇ?"

"ಖರೇ. ಇವತ್ತಿಂದನ ರೂಢಿ ಮಾಡ್ಕೋತೇನಿ."

ಬ್ಯಾಡಗಿಯ ಬಸ್‌ಸ್ಟ್ಯಾಂಡಿನಿಂದ ನನ್ನ ಮೌನ ಆರಂಭವಾಯಿತು. ಅದು ಎಂಥ ತಪಸ್ಸೆಂಬುದು ವಾಚಾಳಿಗಳಿಗೆ ಮಾತ್ರ ಅರ್ಥವಾದೀತು. ಗೋವಿನಜೋಳದ ಹೊಲದ ನಡುವೆ ಬೆದರುಬೊಂಬೆಗೆ ಯಾರೋ ಪೊಲೀಸ್ ಟೊಪ್ಪಿಗೆ ತೊಡಿಸಿದ್ದರು, ಹೇಳಲಿಲ್ಲ. ಒಬ್ಬ ಮೋಟರ್‌ಸೈಕಲ್ಲಿನಲ್ಲಿ ಹೆಂಡತಿಯನ್ನೂ ಎರಡು ಆಡುಗಳನ್ನೂ ಕೂರಿಸಿಕೊಂಡು ಹೋಗುತ್ತಿದ್ದ; ತುಟಿ ಕಚ್ಚಿಕೊಂಡೆ. ಕಂಡಕ್ಟರಿಗೂ ಬೆರಳೆತ್ತಿ ಎರಡು ಟಿಕೀಟೆಂದು ತೋರಿಸಿದೆ. ಮೋಟೆಬೆನ್ನೂರು ದಾಟಿ ಬಸ್ಸು ಹೆದ್ದಾರಿಗೆ ಬಿದ್ದಾಗ ಹಸೀನಾ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಕಿಟಕಿಯಾಚೆ ನೋಡಿದಳು, ಸೀಟಿನಲ್ಲಿ ಎರಡು ಸಲ ಹೊರಳಾಡಿದಳು. ಆಮೇಲೆ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು.

"ಏನರ ಮಾತಾಡ ನಮ್ಮವ್ವಾ," ಎಂದಳು, "ಜಪಾನ್ ಇನ್ನೂ ದೂರ ಐತಿ."