ನೀರಿನಲ್ಲಿ ಮಲಗಿದ್ದ ಬಾಚಿ

ತಿಹೋತಿ ಅಳದ ಮನುಷ್ಯ ಎಂದು ನಮ್ಮೂರಿನವರೆಲ್ಲ ಹೇಳುತ್ತಾರೆ. ನಾನೂ ಹೇಳಿದ್ದೇನೆ, ಸ್ವಲ್ಪ ಜೋರಾಗಿಯೇ. ಮೂರು ವರ್ಷದ ಹಿಂದೆ ಅವನ ಒಬ್ಬನೇ ಮಗ ಮನುತಾಹಿ ಹವಳದ ದಿಬ್ಬ ದಾಟಿ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಎಂಟು ದಿನ ಊರಿನ ದೋಣಿಗಳೆಲ್ಲ ಹುಡುಕಿದವು. ಸಿಕ್ಕಿದ್ದು ಒಂದು ಹುಟ್ಟು. ಚರ್ಚಿನಲ್ಲಿ ಹೆಣವಿಲ್ಲದ ಪ್ರಾರ್ಥನೆ ಮುಗಿದು ಊಟಕ್ಕೆ ಕೂತಾಗ, ತಿಹೋತಿ ತೆಂಗಿನ ಹಾಲಿನ ಹಸಿ ಮೀನನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದ.

"ಇವನಿಗೆ ಹೊಟ್ಟೆ ಒಂದೇ ಇರೋದು, ಕರುಳಿಲ್ಲ," ಎಂದು ಪಕ್ಕದವಳ ಕಿವಿಯಲ್ಲಿ ಅಂದೆ. ಅವನಿಗೂ ಕೇಳಿಸಿತು. ತಲೆಯೆತ್ತಿ ನಿಂಬೆಹೋಳು ಕೇಳಿದ.

ಅವನದು ದೋಣಿ ಕಟ್ಟುವವರ ಮನೆತನ. ಈಗ ಮರ ಕೊರೆಯುವುದು ಯಂತ್ರದ ಗರಗಸದಲ್ಲಿ. ಆದರೂ ಅವರ ಮನೆಯಲ್ಲಿ ಅಜ್ಜನ ಕಾಲದ, ಮರ ಕೆತ್ತುವ ಕರಿಕಲ್ಲಿನ ಬಾಚಿಯೊಂದಿತ್ತು. ಹೊಸ ದೋಣಿಗೆ ಕೈ ಹಾಕುವ ಮುನ್ನಾದಿನ ಅದನ್ನು ಕಡಲ ದಂಡೆಯ ಹಳೆಯ ಕಲ್ಲುಕಟ್ಟೆಯ ಮೇಲೆ ಮಲಗಿಸಬೇಕು. ಬೆಳಗಾಗುತ್ತಲೇ ಎದುರಿನ, ಹವಳದ ದಿಬ್ಬದೊಳಗಿನ ನೀರಿಗೆ ಅದ್ದಿ, ಹಿರಿಯರಿಂದ ಬಂದ ಮಾತು ಹೇಳಿ ಎಬ್ಬಿಸಬೇಕು. ಅದು ಮರಕ್ಕೆ ಮೊದಲ ಏಟು ಹಾಕಿದ ಮೇಲೆಯೇ ಗರಗಸ. ಮಲಗಿಸಿದವನೇ ಎಬ್ಬಿಸಬೇಕೆನ್ನುವುದು ಕಟ್ಟುಪಾಡು. ಅವನು ಸತ್ತಿದ್ದರೆ ಮಾತ್ರ ಬೇರೆಯವರು. ಇದೆಲ್ಲ ನಮ್ಮ ಪಾದ್ರಿಗೆ ಗೊತ್ತಿದೆ, ಆದರೆ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ.

ಮಗ ಹೋದ ಮೇಲೆ ಆ ಬಾಚಿ ಕಾಣಲಿಲ್ಲ. ಎಲ್ಲೋ ಕಳೆದಿರಬೇಕು ಅಂದುಕೊಂಡೆವು. ದೋಣಿಗೆಂದು ತಂದಿದ್ದ ದಿಮ್ಮಿ ತೆಂಗಿನಗರಿ ಹೊದ್ದು ಅಂಗಳದಲ್ಲೇ ಬಿದ್ದಿತ್ತು. ಯಾರಾದರೂ ಮನುತಾಹಿಯ ಮಾತೆತ್ತಿದರೆ ತಿಹೋತಿ, "ಇನ್ನೂ ಬಂದಿಲ್ಲ," ಎನ್ನುತ್ತಿದ್ದ, ಅಂಗಡಿಗೆ ಹೋದವನ ಸುದ್ದಿ ಹೇಳುವ ಹಾಗೆ. ಬೆಳಿಗ್ಗೆ ಏಳುತ್ತಿದ್ದ, ಬಲೆ ಹಾಕುತ್ತಿದ್ದ, ಕುದಿಯುವ ಕಾಫಿಯನ್ನು ಊದದೆ ಕುಡಿಯುತ್ತಿದ್ದ. ನನಗೆ ಅವನನ್ನು ಕಂಡರೆ ಸಿಟ್ಟು ಬರುತ್ತಿತ್ತು. ಅಳುವವರನ್ನಾದರೆ ಸಮಾಧಾನ ಮಾಡಬಹುದು.

ಈ ವರ್ಷ ನಮ್ಮ ದ್ವೀಪಗಳ ರಾಜಧಾನಿ ಪಪೀಟೆಯಿಂದ ಮಿಹಿಮಾನ ಬಂದಳು. ನೀರಿನಡಿ ಅಗೆದು ಹಳೆಯ ವಸ್ತು ಹುಡುಕುವುದು ಅವಳ ಕಸುಬು. ಕಲ್ಲುಕಟ್ಟೆಯ ಎದುರು, ಎರಡಾಳು ನೀರಿನಡಿ, ಹಿಂದಿನವರ ಕೈತಪ್ಪಿ ಬಿದ್ದ ಕಲ್ಲಿನ ಬಾಚಿಗಳಿವೆ ಎಂದು ಅವಳಿಗೆ ಯಾರೋ ಹೇಳಿದ್ದರಂತೆ. ಅಡುಗೆಗೆ ನನ್ನನ್ನು ಕರೆದಳು, ಮುಳುಗುವುದಕ್ಕೆ ತಿಹೋತಿಯನ್ನು. ತಳದಲ್ಲಿ ಹಗ್ಗ ಎಳೆದು ಚೌಕಗಳನ್ನು ಮಾಡಿದರು. ತಿಹೋತಿ ದಪ್ಪ ಕೊಳವೆಯಿಂದ ಮರಳು ಹೀರಿಸುತ್ತಿದ್ದ. ಸಿಕ್ಕಿದ ಕಲ್ಲಿಗೆ ಅಲ್ಲೇ ಅಳತೆ, ಚಿತ್ರ, ಆಮೇಲೆ ಮೇಲೆ ತಂದು ನಂಬರು ಕಟ್ಟಿ ನೀರಿನ ತೊಟ್ಟಿಗೆ. ಒಂಬತ್ತು ದಿನಕ್ಕೆ ಹನ್ನೊಂದು ಸಿಕ್ಕವು. ಎಲ್ಲಕ್ಕೂ ಸುಣ್ಣದಂಥ ಹವಳ ಮೆತ್ತಿಕೊಂಡಿತ್ತು.

"ಆ ಪಡುವಣ ಮೂಲೆ ಉಳೀತಲ್ಲ ಮಾವ?" ಎಂದಳು ಮಿಹಿಮಾನ, ಬೇಯಿಸಿದ ಜೀಗುಜ್ಜೆ ಮುರಿಯುತ್ತ.

"ಅಲ್ಲೇನಿದೆ, ಬರೀ ಹವಳದ ಹೆಂಟೆ," ಎಂದ ತಿಹೋತಿ.

"ನೋಡಿದ್ರಾ?"

"ನೋಡೋದೇನು? ನಾನು ಇಲ್ಲೇ ಹುಟ್ಟಿದೋನು."

ಹತ್ತನೆಯ ದಿನ ಅವಳು ತಾನೇ ಮುಳುಗಿದಳು. ಕೈಯಲ್ಲಿ ಬಾಚಿ ಹಿಡಿದು ಮೇಲೆ ಬಂದಾಗ ಮುಖ ಅರಳಿತ್ತು. "ತಿತಾವಾ ಅಕ್ಕ, ನೋಡಿ! ಕಲ್ಲಿನಡಿ ಮಲಗಿಸಿಟ್ಟ ಹಾಗಿತ್ತು. ಇಷ್ಟು ಚೆನ್ನಾಗಿರೋದು ಒಂದೂ ಸಿಕ್ಕಿರಲಿಲ್ಲ. ಹವಳ ಕೂಡ ಮೆತ್ತಿಲ್ಲ!"

ನೋಡಿದೆ. ಅಲಗಿನ ಎಡತುದಿ ಹಾರಿತ್ತು. ಆರು ವರ್ಷದ ಮನುತಾಹಿ ಕಾಡುಬಾದಾಮಿ ಒಡೆಯಲು ಹೋಗಿ ಹಾರಿಸಿದ ಚಕ್ಕೆ ಅದು. ಹಾರಿಸಿದ್ದು ನನ್ನ ಬಾಗಿಲ ಮುಂದೆ. ಅಪ್ಪನ ಹೊಡೆತ ತಪ್ಪಿಸಿಕೊಳ್ಳಲು ಬಚ್ಚಿಟ್ಟುಕೊಂಡದ್ದು ನನ್ನ ಮಂಚದಡಿ. ನನ್ನ ಕೈಯ ಸೌಟು ಅಲ್ಲೇ ನಿಂತಿತು. ತಿಹೋತಿ ಕೊಳವೆಯನ್ನು ಸುತ್ತಿಡುತ್ತಿದ್ದ.

ಮಿಹಿಮಾನ ಅದಕ್ಕೆ ಹನ್ನೆರಡು ಎಂದು ನಂಬರು ಕಟ್ಟಿದಳು. ಶುಕ್ರವಾರದ ಹಡಗಿನಲ್ಲಿ ಎಲ್ಲವೂ ಪಪೀಟೆಯ ವಸ್ತುಸಂಗ್ರಹಾಲಯಕ್ಕೆ ಹೋಗಲಿದ್ದವು.

ಅವಳು ಸ್ನಾನಕ್ಕೆ ಹೋದದ್ದೇ ತಡ, ನಾನು ಅವನ ಮುಂದೆ ಹೋಗಿ ನಿಂತೆ. "ಅಲ್ಲಯ್ಯಾ, ಮನೆ ಬಾಚೀನ ನೀರಿಗೆ ಹಾಕಿ, ಕಳ್ಳನ ಹಾಗೆ ಕೂತಿದ್ದೀಯಲ್ಲ! ಆ ಹುಡುಗಿ ಅದನ್ನ ಸಾವಿರ ವರ್ಷದ್ದು ಅಂತ ಬರೀತಾಳೆ."

"ಬರೀಲಿ."

"ಯಾಕೆ ಹಾಕಿದೆ ಹೇಳು."

ಅವನು ಹಗ್ಗದ ಗಂಟು ಬಿಚ್ಚುತ್ತಲೇ ಹೇಳಿದ. "ಅವತ್ತು ಸಂಜೆ ಮನು ಮಲಗಿಸಿದ್ದ. ಬೆಳಿಗ್ಗೆ ಮೀನು ಹತ್ತಿರ ಬಂದಿದೆ, ಬಂದು ಎಬ್ಬಿಸ್ತೀನಿ ಅಂತ ಹೋದ. ಹೊತ್ತೇರಿತು. ಕಟ್ಟೆ ಮೇಲೆ ಬಿಸಿಲಲ್ಲಿ ಎಷ್ಟು ದಿನ ಅಂತ ಮಲಗತ್ತೆ ಅದು? ನೀರಲ್ಲಾದ್ರೆ ತಣ್ಣಗಿರತ್ತೆ. ಬಂದು ಎಬ್ಬಿಸಲಿ ಅಂತ ಬಿಟ್ಟೆ."

"ಈಗ ಹೇಳು ಮತ್ತೆ, ನಂದು ಅಂತ. ಬಾಯಿಗೆ ಬೀಗ ಹಾಕಿದೆಯಾ?"

"ನಂದು ಅಂದ್ರೆ ವಾಪಸ್ ಕೊಡ್ತಾಳೆ. ಮನೆಗೆ ಬಂದ್ರೆ ಎಬ್ಬಿಸಬೇಕು."

ಅಷ್ಟೇ ಹೇಳಿದ. ಮೂರು ವರ್ಷ ಅವನನ್ನು ಕಲ್ಲು ಎಂದು ಬೈದ ನನಗೆ ಆಗ ಗೊತ್ತಾಯಿತು, ಇವನೇ ಎಬ್ಬಿಸಿದರೆ ಮಗ ಸತ್ತ ಎಂದು ಒಪ್ಪಿಕೊಂಡ ಹಾಗೆ ಎಂದು. ಪಪೀಟೆಗೆ ಹೋದರೆ ಬಾಚಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುತ್ತದೆ, ಅದನ್ನು ಎಬ್ಬಿಸು ಎಂದು ಯಾರೂ ಇವನನ್ನು ಕೇಳುವುದಿಲ್ಲ. ಮಗ ಇನ್ನೂ ಬಂದಿಲ್ಲ ಎಂದು ಹೇಳಿಕೊಂಡೇ ಇವನು ಸಾಯಬಹುದು. ನಾನೂ ಯಾರಿಗೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ತೊಟ್ಟಿಗಳನ್ನು ದಂಡೆಗೆ ಹೊತ್ತು ತಂದೆವು. ಮಿಹಿಮಾನ ಒಂದೊಂದನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಹನ್ನೆರಡನೆಯದಕ್ಕೆ ಬಂದಾಗ ಆ ಮುರಿದ ತುದಿಯನ್ನು ಹೆಬ್ಬೆರಳಿನಿಂದ ಸವರಿ ನಕ್ಕಳು. "ಇದನ್ನ ಯಾರೋ ಪೆದ್ದ ಕಲ್ಲಿಗೆ ಹೊಡೆದಿದ್ದಾನೆ, ನೋಡಿ ಮಾವ. ಪಾಪ, ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ."

ತಿಹೋತಿ ತೊಟ್ಟಿಯನ್ನು ಕೆಳಗಿಟ್ಟ.

"ಪೆದ್ದ ಅಲ್ಲ," ಎಂದ. "ಆರು ವರ್ಷ ಆಗ. ಮನುತಾಹಿ ಅಂತ ಹೆಸರು. ನನ್ನ ಮಗ."

ಉಳಿದದ್ದನ್ನು ನಾನೇ ಹೇಳಬೇಕಾಯಿತು. ಮಿಹಿಮಾನಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಇಳಿಯಿತು. ಪುಸ್ತಕ ತೆಗೆದು ಹನ್ನೆರಡನೆಯ ಸಾಲಿಗೆ ಅಡ್ಡಗೀಟು ಹಾಕಿದಳು, ನಂಬರಿನ ದಾರ ಕತ್ತರಿಸಿದಳು, ಎರಡೂ ಕೈಯಲ್ಲಿ ಬಾಚಿಯನ್ನು ಅವನಿಗೆ ಕೊಟ್ಟಳು.

ಅವನು ಅದನ್ನು ತೆಗೆದುಕೊಂಡ. ಹಡಗು ಕೂಗಿತು. ಮನೆಯ ಕಡೆ ಎರಡು ಹೆಜ್ಜೆ ಇಟ್ಟವನು ತಿರುಗಿ ನೀರಿಗಿಳಿದ. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಾಚಿಯನ್ನು ಅದ್ದಿದ. ಎಬ್ಬಿಸುವ ಮಾತು ನನಗೂ ಬರುತ್ತದೆ, ಊರಿನವರಿಗೆಲ್ಲ ಬರುತ್ತದೆ. ಅವನು ಅದನ್ನು ಹೇಳಲಿಲ್ಲ.

"ಏಳು," ಎಂದ ಕಲ್ಲಿಗೆ. "ನಿನ್ನ ಮಲಗಿಸಿದೋನು ಇನ್ನು ಬರಲ್ಲ."

ಆಮೇಲೆ ಒದ್ದೆ ಕಾಲಲ್ಲೇ ಅಂಗಳಕ್ಕೆ ಹೋಗಿ ದಿಮ್ಮಿಯ ಮೇಲಿನ ಗರಿಗಳನ್ನು ಒಂದೊಂದಾಗಿ ತೆಗೆಯತೊಡಗಿದ.